ಗೋಡೆಗೆ ಎರಡು ಕೋಟ್

ನನ್ನಂಥ ಹುಷಾರು ಮನುಷ್ಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದು, "ಸರ್, ನಿಮ್ಮ ಮನೆ ಸಾಲದ ಕಂತು..." ಎನ್ನುವಷ್ಟರಲ್ಲೇ, "ನಿನ್ನಂಥ ಕಳ್ಳರ್ನ ಬೇಕಾದಷ್ಟು ನೋಡಿವ್ನಿ ಕಣಯ್ಯ, ದುಡುದು ತಿನ್ನು!" ಎಂದು ಉಪದೇಶ ಮಾಡಿ ಇಟ್ಟುಬಿಡುತ್ತಿದ್ದೆ. ಅಷ್ಟಕ್ಕೇ ಬಿಡಲಿಲ್ಲ. ಕಂತು ಕಟ್ಟಾಗುತ್ತಿದ್ದ ಖಾತೆಯ ದುಡ್ಡನ್ನೆಲ್ಲ ತೆಗೆದು ಹೆಂಡತಿ ಗೌರಮ್ಮನ ಖಾತೆಗೆ ಹಾಕಿದೆ. ಕಳ್ಳರಿಗೆ ಬಿಡಿಗಾಸೂ ಸಿಗಲಿಲ್ಲ. ಸಾಲ ಕೊಟ್ಟ ಫೈನಾನ್ಸಿನವರಿಗೂ ಸಿಗಲಿಲ್ಲ!

ನಮ್ಮ ಮನೆ ಊಟಿ ರಸ್ತೆಗೆ ಮುಖ ಮಾಡಿದೆ. ಅಂಥ ಗೋಡೆಗಳಿಗೆ ಸಿಮೆಂಟಿನವರು, ಬನಿಯನ್ನಿನವರು ಪುಕ್ಕಟೆ ಬಣ್ಣ ಹೊಡೆದು ಜಾಹೀರಾತು ಬರೆದು ಹೋಗುವುದುಂಟು. ಪಕ್ಕದ ಮನೆ ಬಸವಣ್ಣನ ಗೋಡೆಗೆ ಹಳದಿ ಬಳಿದ ದಿನದಿಂದ ಅವನು ಮೀಸೆ ತಿರುವಿಕೊಂಡೇ ಓಡಾಡುತ್ತಿದ್ದ. ನನಗೆ ಹೊಟ್ಟೆಕಿಚ್ಚು. ನನ್ನ ಗೋಡೆಗೇನು ಕಡಿಮೆ?

ಒಂದು ಬೆಳಿಗ್ಗೆ ಇಬ್ಬರು ಬಣ್ಣದ ಡಬ್ಬ ಹಿಡಿದು ಬಾಗಿಲಿಗೆ ಬಂದರು.

"ಸಿದ್ದಪ್ಪೋರ ಮನೆ ಇದೇನಾ?"

"ಇದೇ ಕಣ್ರಪ್ಪ! ಗೋಡೆ ಮ್ಯಾಲೆ ಬರಿಯಾಕ್ ಬಂದ್ರಾ?"

ಇಬ್ಬರೂ ಮುಖ ಮುಖ ನೋಡಿಕೊಂಡರು. "ಹೌದು ಸರ್. ನಿಮ್ಮದೇನಾದ್ರೂ ಅಭ್ಯಂತರ..."

"ಇಷ್ಟ್ ತಡವಾಗಿ ಬಂದ್ರಲ್ಲ ಅನ್ನದೇ ನನ್ ಅಭ್ಯಂತರ!"

ನಾನು ಷರತ್ತುಗಳನ್ನು ವಿಧಿಸಿದೆ. ಅಕ್ಷರ ಬಸ್ಸಿನಲ್ಲಿ ಕೂತವರಿಗೂ ಕಾಣಬೇಕು. ಮಳೆಗೆ ಹೋಗಬಾರದು, ಎರಡು ಕೋಟ್ ಹೊಡೆಯಬೇಕು. ಬಸವಣ್ಣನ ಮನೆಯಿಂದ ಏಣಿಯನ್ನೂ ಹೊತ್ತು ತಂದೆ. ಅವರಲ್ಲೊಬ್ಬ ಬೆರಗಾಗಿ ಮೊಬೈಲ್ ತೆಗೆದು ಫೋಟೋ ಹಿಡಿದ. ನಾನು ಹಲ್ಲು ಬಿಟ್ಟೆ.

ಗೌರಮ್ಮ ಅವರಿಗೆ ಕಾಫಿ ಕೊಟ್ಟು ಒಳಗೆ ಬಂದಳು. "ಯಾವ್ ಕಂಪ್ನಿದು ಅಂತ ಕೇಳುದ್ರಾ?"

"ಬರುದ್ ಮ್ಯಾಲೆ ಗೊತ್ತಾಯ್ತದೆ ಬುಡು!"

ಸಿಮೆಂಟೋ? ಪಂಪ್‌ಸೆಟ್ಟೋ? ಕುತೂಹಲ ನನ್ನನ್ನು ಕಿತ್ತು ತಿನ್ನುತ್ತಿತ್ತು. ಆದರೂ ಪೂರ್ತಿ ಬರೆದ ಮೇಲೇ ನೋಡಬೇಕೆಂದು ಹಟ ಹಿಡಿದು ಸ್ನಾನಕ್ಕೆ ಹೋದೆ. ತಲೆ ಒರೆಸಿಕೊಂಡು ಬಂದಾಗ ಅವರು ಹೊರಟುಹೋಗಿದ್ದರು. ಬಸವಣ್ಣ ರಸ್ತೆಯಲ್ಲಿ ನಿಂತು ಗಟ್ಟಿಯಾಗಿ ಓದುತ್ತಿದ್ದ.

"ಈ ಮನೆಯ ಮೇಲೆ ಸಾಲ ಬಾಕಿ ಇದೆ. ಯಾರೂ ಕೊಳ್ಳಬಾರದು." ಆಮೇಲೆ ನನ್ನ ಕಡೆ ತಿರುಗಿದ. "ಅಕ್ಸರ ಬೋ ಚೆಂದಾಗವೆ ಕಣ್ಲಾ ಸಿದ್ದಪ್ಪ!"

ಗೌರಮ್ಮ ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯಲಿಲ್ಲ. "ನಮ್ಮಪ್ಪ ಕೊಟ್ಟ ಬಳೆ ಮಾರಿ ಆಕ್ಸಿದ್ ತಾರ್ಸಿ ಇದು. ಮನೆ ಓಯ್ತದಾ?" ಎಂದು ಹೊಸಿಲ ಮೇಲೆ ಕೂತುಬಿಟ್ಟಳು. ನನಗೆ ನಿಜವಾಗಿಯೂ ಭಯವಾಯಿತು.

ಅವಳ ಪಾಸ್‌ಬುಕ್ ಹಿಡಿದು ಚಾಮರಾಜನಗರದ ಬಸ್ಸು ಹತ್ತಿದೆವು. ಫೈನಾನ್ಸಿನ ಮ್ಯಾನೇಜರ್ ದನಿ ಕೇಳಿದ ತಕ್ಷಣ ಗುರುತು ಸಿಕ್ಕಿತು. "ದುಡುದು ತಿನ್ನು" ಎಂದು ನಾನು ಹರಸಿದ್ದು ಇವರನ್ನೇ! ಬಾಕಿಯೆಲ್ಲ ಕಟ್ಟಿದೆವು. ಮನೆ ಉಳಿಯಿತು. ಈಗ ಗೌರಮ್ಮನಿಗೆ ಜೀವ ಬಂತು.

"ಬಾಕಿ ಇದ್ರೆ ಕೋರ್ಟಿಗೆ ಓಗಿ. ಗೋಡೆ ಮ್ಯಾಲೆ ಬರುದು ಮರ್ವಾದೆ ತಗಿಯಾಕೆ ಒಪ್ಗೆ ಯಾರ್ ಕೊಟ್ರು ನಿಮ್ಗೆ?"

ಮ್ಯಾನೇಜರ್ ಮೊಬೈಲನ್ನು ಅವಳತ್ತ ತಿರುಗಿಸಿದರು. ಅದರಲ್ಲಿ ನಾನು ಏಣಿ ಹಿಡಿದು ಹಲ್ಲು ಬಿಡುತ್ತಿದ್ದೆ.

"ಯಜಮಾನ್ರೇ ಕೊಟ್ರಮ್ಮ. ಏಣೀನೂ ಅವರದೇ."

"ಏಣಿ ಬಸವಣ್ಣಂದು," ಎಂದೆ.

ಗೋಡೆಯ ಬರಹ ಅಳಿಸಲು ಫೈನಾನ್ಸಿನವರು ಸುಣ್ಣದವನನ್ನು ಕಳಿಸಿದರು. ಅವನು ಬಳಿದಷ್ಟೂ ಅಕ್ಷರಗಳು ಒಳಗಿಂದ ಇಣುಕಿದವು. "ಇದ್ಯಾವ ಪುಣ್ಯಾತ್ಮ ಸಾರ್ ಎರಡು ಕೋಟ್ ಹೊಡ್ಸಿದ್ದು?" ಎಂದ. ನಾನು ಬಸವಣ್ಣನ ಗೋಡೆಯ ಕಡೆ ನೋಡುತ್ತಾ ನಿಂತೆ.

ನಮ್ಮ ಗೇಟಿನ ಮೇಲೆ 'ಮಹದೇಶ್ವರ ನಿಲಯ' ಎಂದು ಕಲ್ಲಿನಲ್ಲೇ ಕೆತ್ತಿಸಿದ್ದೇನೆ. ನಿನ್ನೆ ಪೇಟೆಯಿಂದ ಬರುವಾಗ ಆಟೋದವನಿಗೆ ಆ ಹೆಸರು ಹೇಳಿದೆ. ಅವನಿಗೆ ತಿಳಿಯಲಿಲ್ಲ. ದನಿ ತಗ್ಗಿಸಿ, "ಸಾಲದ ಮನೆ," ಎಂದೆ.

"ಅಂಗನ್ನಿ ಮತ್ತೆ! ಆ ಏಣಿ ಕೊಟ್ಟೋರ ಮನೆಯಾ? ಆವಯ್ಯ ನಿಮ್ಗೆ ಪರಿಚಯವಾ?"

"ಅಷ್ಟಾಗಿ ಇಲ್ಲ ಕಣಪ್ಪ," ಎಂದೆ.