ಶುಕ್ರವಾರದ ಆರು ಡಿಗ್ರಿ

ವಿದ್ಯುತ್ತನ್ನು ಕೂಡಿಡುವುದು ಹೇಗೆಂದು ಓಕ್ಲ್ಯಾಂಡಿನ ಸಂಸ್ಥೆಯೊಂದರಲ್ಲಿ ಸಂಶೋಧನೆ ಮಾಡುವುದು ನನ್ನ ಉದ್ಯೋಗ. (ಕೂಡಿಡುವುದನ್ನು ನಾನು ನನ್ನ ಹೆಂಡತಿ ತೇಜಸ್ವಿನಿಯಿಂದ ಕಲಿಯಬೇಕಂತೆ, ಅವಳು ಮೊಸರಿನ ಖಾಲಿ ಡಬ್ಬಿಯನ್ನೂ ಬಿಸಾಡಿದವಳಲ್ಲ.) ಮಿಲ್ಪಿಟಾಸ್ ಊರಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಬೀರುವಿನಷ್ಟು ದೊಡ್ಡ ಪ್ರಾಯೋಗಿಕ ಬ್ಯಾಟರಿಯೊಂದು ನಿಂತಿದೆ. ಅದರಿಂದ ಸುತ್ತಲಿನ ಮನೆಗಳಿಗೆ ಏನು ಲಾಭವೆಂದು ನಾನು ಸೋಮವಾರದೊಳಗೆ ವರದಿ ಕೊಡಬೇಕಿತ್ತು. ತಪ್ಪಿದರೆ ಯೋಜನೆ ಇನ್ನೊಬ್ಬರ ಕೈಗೆ.

ಲಾಭದ ಪುಟ ಖಾಲಿ ಇತ್ತು. ಆದರೆ ಒಂದು ಸೋಜಿಗ ಸಿಕ್ಕಿತ್ತು. ಪ್ರತಿ ಶುಕ್ರವಾರ ಸಂಜೆ ಬ್ಯಾಟರಿಯ ನೆತ್ತಿ ಆರು ಡಿಗ್ರಿ ಬಿಸಿಯೇರಿ, ಶನಿವಾರ ಬೆಳಿಗ್ಗೆ ತಣ್ಣಗಾಗುತ್ತಿತ್ತು. ವಾರಾಂತ್ಯಕ್ಕೆಂದು ಊರವರೆಲ್ಲ ಒಟ್ಟಿಗೆ ಕಾರು ಚಾರ್ಜ್ ಮಾಡುವುದೇ ಕಾರಣವೆಂದು ಹನ್ನೊಂದು ಪುಟದ ಮಹಾಸಿದ್ಧಾಂತ ಬರೆದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆಯ ವಾರ ಊರು ಖಾಲಿ, ಬಿಸಿಯೂ ಏರಲಿಲ್ಲ. ಇನ್ನೇನು ಪುರಾವೆ ಬೇಕು?

ಕಣ್ಣಾರೆ ನೋಡಿಯೇಬಿಡೋಣವೆಂದು ಗಡುವಿಗೆ ಮುಂಚಿನ ಶುಕ್ರವಾರ ಸಂಜೆ ಗ್ಯಾರೇಜಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ತೇಜಸ್ವಿನಿ ದೊಡ್ಡ ಪಾತ್ರೆ ಹಿಡಿದು ಬಂದಳು, ಹೆಗಲ ಮೇಲೆ ಕಂಬಳಿ. ಪಾತ್ರೆಯನ್ನು ಬ್ಯಾಟರಿಯ ನೆತ್ತಿಗೇರಿಸಿ ಎರಡಕ್ಕೂ ಸೇರಿಸಿ ಹೊದಿಸಿದಳು.

“ಏನೇ ಇದು?”

“ಇಡ್ಲಿ ಹಿಟ್ಟು. ಈ ಚಳೀಲಿ ಇನ್ನೆಲ್ಲಿ ಉಬ್ಬುತ್ತೆ?”

“ಬ್ಯಾಟರಿಗೆ ಗಾಳಿಯಾಡ್ಬೇಕು ಕಣೆ. ನನ್ನ ಮೂರು ತಿಂಗಳ ಡೇಟಾ ಹಾಳು.”

“ಮೂರು ತಿಂಗಳಿಂದ ಶನಿವಾರ ಶನಿವಾರ ಹತ್ತು ಇಡ್ಲಿ ಇಳಿಸಿದ್ರಲ್ಲ, ಆಗ ಡೇಟಾ ಜ್ಞಾಪಕ ಬರ್ಲಿಲ್ವಾ?”

“ಹಾಗಾದ್ರೆ ಥ್ಯಾಂಕ್ಸ್‌ಗಿವಿಂಗ್ ವಾರ?”

“ಅದರ ಹಿಂದಿನ ವಾರ ಇಡ್ಲಿ ಗಟ್ಟಿ ಅಂದಿದ್ರಿ. ಅದಕ್ಕೇ ಉಪ್ಪಿಟ್ಟು ಕೆದಕಿದೆ.”

ಅಷ್ಟರಲ್ಲಿ ಪಕ್ಕದ ಮನೆಯ ಸೌದಾಮಿನಿ ತಮ್ಮ ಪಾತ್ರೆಯೊಂದಿಗೆ ಒಳಬಂದು, ನನ್ನನ್ನು ಕಂಡು ನಿಂತರು.

“ಇವತ್ತು ಜಾಗ ಇಲ್ವೇನ್ರೀ?”

“ಇದೆ ಬನ್ನಿ,” ಎಂದಳು ತೇಜಸ್ವಿನಿ. “ಇವ್ರು ಏಳ್ತಾರೆ.”

ನಾನು ಎದ್ದೆ.

ಬೇರೆ ದಾರಿಯಿಲ್ಲದೆ ನಿಜವನ್ನೇ ಬರೆದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ತೇಜಸ್ವಿನಿ ಗುರುತು ಹಾಕಿದ್ದಳು: ಐದು ಮನೆಯ ಹಿಟ್ಟು, ಯಾರದು ಎಷ್ಟು ಹೊತ್ತಿಗೆ ಎಷ್ಟು ಉಬ್ಬಿತು, ಎಲ್ಲ. ಅದನ್ನೇ ಲಾಭದ ಪುಟಕ್ಕೆ ಇಳಿಸಿ, ಬಿಸಾಡಲು ಮನಸ್ಸಾಗದ ಸಿದ್ಧಾಂತದ ಕೊನೆಗೆ ಸೇರಿಸಿದೆ.

ಸೋಮವಾರ ಮಧ್ಯಾಹ್ನ ನಮ್ಮ ಮುಖ್ಯಸ್ಥ ಶಿವಪ್ರಕಾಶ್ ಫೋನು ಮಾಡಿದರು.

“ಸಿದ್ಧಾಂತ ಬಿಡ್ರೀ. ಬ್ಯಾಟರಿಯಿಂದ ವೇಸ್ಟ್ ಆಗೋ ಬಿಸೀನ ಅಕ್ಕಪಕ್ಕದವರಿಗೆ ಹಂಚಿದಾರಲ್ಲ, ಆ ಕೊನೇ ಪುಟ ಯಾರ್ದು?”

“ನನ್ನ ಹೆಂಡತೀದು.”

“ಫೋನು ಅವರಿಗೆ ಕೊಡಿ.”

ಯೋಜನೆ ಇನ್ನೊಬ್ಬರ ಕೈಗೇ ಹೋಯಿತು. ಈಗ ಬ್ಯಾಟರಿಯ ಪಕ್ಕದಲ್ಲಿ ಗಾಳಿಯಾಡುವಂಥ ಕಪಾಟು ಬಂದಿದೆ, ಕಂಬಳಿಗೆ ನಿವೃತ್ತಿ. ನನ್ನನ್ನು ಪೂರ್ತಿ ಕೈಬಿಟ್ಟಿಲ್ಲ; ಹೊಸ ಮುಖ್ಯಸ್ಥೆ ತೇಜಸ್ವಿನಿ ಬಹಳ ದಯಾಮಯಿ. ಶುಕ್ರವಾರ ಉದ್ದು ರುಬ್ಬುವ ವಿಭಾಗ ನನ್ನದು.