ಯೂಲಜಿ, ಎಲಿಜಿ ಮತ್ತು ಹುಣಸೆಕಾಯಿ ತೊಕ್ಕು

ಸಾವಿಗೆ ಸಂಬಂಧಿಸಿದ ಎರಡು ಇಂಗ್ಲಿಷ್ ಪದಗಳು ಎಪ್ಪತ್ನಾಲ್ಕರ ಈ ವಯಸ್ಸಿನಲ್ಲೂ ನನ್ನ ತಲೆ ತಿನ್ನುತ್ತವೆ: ಯೂಲಜಿ ಮತ್ತು ಎಲಿಜಿ. ಮೊದಲನೆಯದು ಸತ್ತವರ ಹೊಗಳಿಕೆ, ಎರಡನೆಯದು ಅವರನ್ನು ನೆನೆದು ಅಳುವ ಶೋಕಗೀತೆ. ಕಾನ್ವೆಂಟಿನಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದು ಪನಿಷ್‌ಮೆಂಟಿಗೆ ಮೊಣಕಾಲೂರಿದವಳು ನಾನು. "ಯೂಲಜಿಗೆ ಗುಡ್ ಮ್ಯಾನರ್ಸ್ ಸಾಕು ಚೈಲ್ಡ್, ಎಲಿಜಿಗೆ ಹೃದಯ ಬೇಕು" ಎಂದಿದ್ದರು ಸಿಸ್ಟರ್. ನನ್ನ ಹತ್ತಿರ ಮ್ಯಾನರ್ಸ್ ಧಾರಾಳವಾಗಿತ್ತು. ಹಾಗಾಗಿ ಬದುಕಿನುದ್ದಕ್ಕೂ ಯೂಲಜಿಯಲ್ಲೇ ಕಾಲ ತಳ್ಳಿದೆ.

ನನ್ನ ಓರಗಿತ್ತಿ ಗೌರಕ್ಕ ಹೋದ ತಿಂಗಳು ತೀರಿಕೊಂಡಳು. ದೇವನಹಳ್ಳಿ ಪಕ್ಕದ ನಮ್ಮ ಹಳ್ಳಿಯಲ್ಲಿ ಹನ್ನೊಂದನೆಯ ದಿನದ ತಿಥಿ. ಅವಳ ಮಗಳು ಶೋಭಾ ಫೋನ್ ಮಾಡಿದಳು. "ಚಿಕ್ಕಮ್ಮ, ನೀವು ಓದಿದೋರು, ಅಮ್ಮನ ಬಗ್ಗೆ ನಾಲ್ಕು ಮಾತಾಡ್ಬೇಕು. ಆಮೇಲೆ ಎಡೆಗೆ ನಿಮ್ಮ ಹುಣಸೆಕಾಯಿ ತೊಕ್ಕು ತರೋದು ಮರೀಬೇಡಿ. ಅಮ್ಮಂಗೆ ಅದಂದ್ರೆ ಪ್ರಾಣ ಅಲ್ವಾ!"

ಭಾಷಣ ಕಷ್ಟವಲ್ಲ. ಕಷ್ಟ ತೊಕ್ಕಿನದು. ನಾನು ಈ ಜನ್ಮದಲ್ಲಿ ತೊಕ್ಕು ಮಾಡಿದವಳೇ ಅಲ್ಲ. ಮದುವೆಯಾದ ಹೊಸತರಲ್ಲಿ ನಾನು ಸಾರು ಸೀಯಿಸಿ ಅತ್ತೆಯೆದುರು ನಡುಗುತ್ತಿದ್ದಾಗ, ಎಲೆಯ ತುದಿಯ ತೊಕ್ಕು ತೋರಿಸಿ "ಇದು ಅವ್ಳೇ ಮಾಡಿದ್ದು ಅತ್ತೆ, ನೋಡಿ ಎಂಗೈತೆ" ಎಂದು ಗೌರಕ್ಕ ಸುಳ್ಳು ಹೇಳಿದಳು. ಅತ್ತೆ ನಾಲಿಗೆ ಚಪ್ಪರಿಸಿದರು. ನಾನು ಬಾಯಿ ಮುಚ್ಚಿಕೊಂಡು ಮೆಚ್ಚುಗೆ ಸ್ವೀಕರಿಸಿದೆ. ಮ್ಯಾನರ್ಸ್! ಅಂದಿನಿಂದ ಪ್ರತಿವರ್ಷ ನಲ್ಲೂರಿನ ಕಡೆಯಿಂದ ಹುಣಸೆಕಾಯಿ ಬಂದೊಡನೆ ಅವಳು ಕುಟ್ಟಿ, ಗುಟ್ಟಾಗಿ ನನಗೊಂದು ಜಾಡಿ ಕೊಡುತ್ತಿದ್ದಳು. ನಾನು ಅದನ್ನು ಊರಿಗೆಲ್ಲ ಹಂಚಿ ಹೆಸರು ಮಾಡಿದೆ. ಪಂಕ್ತಿಯಲ್ಲಿ ಅವಳೇ ಎಲ್ಲರಿಗೂ ಕೇಳುವಂತೆ "ನನ್ ಕೈಯಲ್ಲಿ ಇಂಗೆ ಬರಲ್ಲಮ್ಮ" ಅನ್ನುತ್ತಿದ್ದಳು.

ಈ ವರ್ಷದ ಜಾಡಿ ಖಾಲಿಯಾಗಿತ್ತು. ಏನು ಮಾಡಿದೆ ಅನ್ನುತ್ತೀರಿ? ಸೂಪರ್ ಮಾರ್ಕೆಟ್ಟಿನಿಂದ ಒಂದು ಬಾಟಲಿ ತಂದು, ಗೌರಕ್ಕನ ಜಾಡಿಗೇ ಸುರಿದು, ಮೇಲೆ ಒಂದಿಷ್ಟು ಎಣ್ಣೆ ಬಿಟ್ಟು ಮೇಕಪ್ ಮಾಡಿದೆ. ಸತ್ತವಳಿಗೆ ರುಚಿ ಗೊತ್ತಾಗುವುದಿಲ್ಲ ಎಂಬ ಧೈರ್ಯ.

ತೋಟದ ಸಮಾಧಿಯ ಮುಂದೆ ಮುದ್ದೆ, ವಡೆ, ಪಾಯಸ, ನನ್ನ ತೊಕ್ಕು ಎಲ್ಲ ಬಡಿಸಿ ದೂರ ನಿಂತೆವು. ಕಾಗೆ ಮುಟ್ಟುವ ತನಕ ಯಾರಿಗೂ ಊಟವಿಲ್ಲ. ತೆಂಗಿನ ಮರದ ಮೇಲೊಂದು ಕಾಗೆ ಕೂತು ನಮ್ಮನ್ನೇ ನೋಡುತ್ತಿತ್ತು, ಇಳಿಯಲಿಲ್ಲ. ಗಂಟೆ ಎರಡಾಯಿತು. ಗೌರಕ್ಕನ ಮಗ "ಅಮ್ಮಾ, ತೋಟ ಮಾರಲ್ಲ" ಎಂದು ಕೂಗಿದ. ಸೊಸೆ "ಅತ್ತೆ, ನಿಮ್ ಹಸು ನಾನೇ ನೋಡ್ಕೊಳ್ತೀನಿ" ಎಂದಳು. ಕಾಗೆ ರೆಕ್ಕೆ ಕೆರೆದುಕೊಂಡಿತು.

"ಯಾರೋ ಏನೋ ಮುಚ್ಚಿಟ್ಟವ್ರೆ, ಅದಕ್ಕೇ ಜೀವ ಒದ್ದಾಡ್ತೈತೆ" ಎಂದರು ಊರ ಹಿರಿಯ ಕೆಂಪಣ್ಣ, ಹೊಟ್ಟೆ ಸವರಿಕೊಳ್ಳುತ್ತ. "ಇಂಗ್ಲಿಷ್ ಅವ್ವ, ನಿನ್ ಭಾಷಣನಾದ್ರೂ ಶುರು ಮಾಡು. ಹಸಿವು ಮರೀತೀವಿ."

ನಾನು ಕಾಗದ ಬಿಚ್ಚಿದೆ. "ದಿವಂಗತ ಗೌರಮ್ಮನವರು ಸರಳತೆಯ ಸಾಕಾರಮೂರ್ತಿ..." ಕಾಗೆ ನನಗೆ ಬೆನ್ನು ತಿರುಗಿಸಿತು. ಎರಡನೆಯ ಪ್ಯಾರಾಕ್ಕೇ ಓದು ನಿಲ್ಲಿಸಿದೆ. ಕಾಗದ ಮಡಚಿದೆ, ಪ್ರೇಯರಿನ ಅಭ್ಯಾಸದಿಂದ ಕಣ್ಣು ಮುಚ್ಚಿ ಕೈ ಜೋಡಿಸಿದೆ.

"ಅಕ್ಕಾ, ಇದು ಅಂಗಡಿ ತೊಕ್ಕು ಕಣೇ. ನಿಂದು ಖಾಲಿ ಆಗೋಯ್ತು. ನಂಗೆ ಮಾಡೋಕೆ ಬರಲ್ಲ, ಯಾವತ್ತೂ ಬರ್ಲಿಲ್ಲ. ಐವತ್ತು ವರ್ಷ ನಿನ್ ಕೈರುಚಿನ ನಂದು ಅಂತ ಹೇಳ್ಕೊಂಡು ಮೆರೆದೆ. ಒಂದು ಥ್ಯಾಂಕ್ಸ್ ಕೂಡ ಹೇಳ್ಲಿಲ್ಲ. ಇನ್ಯಾರೇ ನಂಗೋಸ್ಕರ ಸುಳ್ಳು ಹೇಳ್ತಾರೆ?" ಚಿಕ್ಕ ಹುಡುಗಿಯಂತೆ ಗೊಳೋ ಎಂದು ಅತ್ತೆ.

ಕಣ್ಣು ತೆರೆದರೆ ಎಲೆಯಲ್ಲಿ ವಡೆ ಇರಲಿಲ್ಲ. ಶೋಭಾ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅಳುವೋ ನಗುವೋ ತಿಳಿಯಲಿಲ್ಲ. "ಅಲ್ಲ ಚಿಕ್ಕಮ್ಮ, 'ನಿಮ್ ಚಿಕ್ಕಮ್ಮನ್ನ ನೋಡಿ ತೊಕ್ಕು ಮಾಡೋದು ಕಲ್ತ್ಕೊಳ್ಳೇ' ಅಂತ ಅಮ್ಮ ನಂಗೆ ಅದೆಷ್ಟು ಬೈದಿದ್ಲು ಗೊತ್ತಾ?" ಎಂದು ನನ್ನನ್ನು ತಬ್ಬಿಕೊಂಡಳು.

"ಒಂದೇ ದಿನ ಎರಡು ತಿಥಿ ಮುಗೀತು," ಎಂದರು ಕೆಂಪಣ್ಣ. "ಗೌರಮ್ಮಂದೂ, ನಿನ್ ತೊಕ್ಕಿಂದೂ."

ಊಟಕ್ಕೆ ಕೂತಾಗ ಮೂಗು ಒರೆಸಿಕೊಳ್ಳುತ್ತ, "ನಿಜ ಹೇಳಿದ ಮೇಲೆ ಕಾಗೆ ಬಂತಲ್ಲ ಕೆಂಪಣ್ಣ, ಅಷ್ಟು ಸಾಕು" ಎಂದೆ.

"ಆಮೇಲಲ್ಲ ಕಣವ್ವ, ನೀನು ಪೇಪರ್ ಮಡಚಿ ಕಣ್ ಮುಚ್ಚಿದ್ ತಕ್ಷಣವೇ ಬಂದು ವಡೆ ಕಚ್ಕೊಂಡು ಹೋಯ್ತು."

"ಮತ್ತೆ ನನ್ನ ಯಾಕೆ ತಡೀಲಿಲ್ಲ?"

"ನೀನು ಮಾತು ಶುರು ಮಾಡ್ಬಿಟ್ಟಿದ್ದೆ. ಚೆನ್ನಾಗಿತ್ತು, ಕೇಳ್ತಾ ನಿಂತ್ವಿ."

ಒಂದೇ ಒಂದು ಕ್ಷಣ ಕಣ್ಣು ತೆರೆದು ನೋಡಿದ್ದರೆ, ನಾನು ಒಳ್ಳೆಯ ಅಡುಗೆಯವಳಾಗಿಯೇ ಸಾಯಬಹುದಿತ್ತು.