ಬನಹಟ್ಟಿಯ ರಾಜಕುಮಾರ ಇವರ ಗಣಕಯಂತ್ರ ಚಾಲೂ ಆಗದ ಬಗ್ಗೆ

ಸಂಬಂಧಪಟ್ಟ ಇಲಾಖೆ
(ಇಲಾಖೆಯ ಹೆಸರು ಮಂಜೂರಾತಿಯ ಹಂತದಲ್ಲಿದೆ)
ಬನಹಟ್ಟಿ ಶಿಬಿರ

ಸಂಖ್ಯೆ: ಸಂ.ಇ/ಗುಂಡಿ/ಚಾ.ಇಲ್ಲ/07
ದಿನಾಂಕ: ಗುರುವಾರ, ಎಲ್ಲ ಮುಗಿದ ಮರುದಿನ

ಸುತ್ತೋಲೆ

ವಿಷಯ: ಮನೆಯಲ್ಲಿಯೇ ಹೊಸದಾಗಿ ಜೋಡಿಸಿದ ಗಣಕಯಂತ್ರವು ಗುಂಡಿ ಒತ್ತಿದರೂ ಚಾಲೂ ಆಗದಿದ್ದಲ್ಲಿ ಕುಟುಂಬದ ಸದಸ್ಯರು, ನೆರೆಹೊರೆಯವರು ಹಾಗೂ ಸಲಹೆ ಕೊಡಲೆಂದೇ ಬರುವವರು ನಡೆದುಕೊಳ್ಳಬೇಕಾದ ರೀತಿಯ ಕುರಿತು.

ಉಲ್ಲೇಖ:
(ಅ) ಶ್ರೀ ರಾಜಕುಮಾರ ಇವರ ಒಂದು ದಿನದ ರಜೆ ಅರ್ಜಿ (ಕಾರಣ: ‘ಮನೆಯಲ್ಲಿ ತುರ್ತು’).
(ಆ) ಸದರಿಯವರ ತಾಯಿ ಯಲ್ಲವ್ವನವರ ಮೌಖಿಕ ಹೇಳಿಕೆ, ಕೇಳದಿದ್ದರೂ ನೀಡಿದ್ದು.

ಪ್ರಸ್ತಾವನೆ:

ಬನಹಟ್ಟಿಯ ನೇಕಾರ ನಿಂಗಣ್ಣನವರ ಮಗ ರಾಜಕುಮಾರ ಜಮಖಂಡಿಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದು, ಹನ್ನೆರಡು ವರ್ಷಗಳಿಂದ ಕಾಗದಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಲೋಪವಿಲ್ಲದೆ ಕಳುಹಿಸುತ್ತ ಬಂದಿರುತ್ತಾರೆ. ಇವರ ಪತ್ನಿ ಶ್ರೀದೇವಿ ಸೀರೆಯ ಅಂಚು ಮತ್ತು ಸೆರಗಿನ ವಿನ್ಯಾಸಗಳನ್ನು ಚೌಕುಳಿ ಕಾಗದದ ಮೇಲೆ ಬರೆಯುತ್ತಾರೆ. ಆ ವಿನ್ಯಾಸವನ್ನು ಗಣಕಯಂತ್ರಕ್ಕೆ ಏರಿಸಿ ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟರೆ ಮಾತ್ರ ನಿಂಗಣ್ಣನವರ ಹೊಸ ಮಗ್ಗ ಅದನ್ನು ನೇಯುತ್ತದೆ. ಈವರೆಗೆ ಈ ಕೆಲಸವನ್ನು ಪೇಟೆಯ ಒಂದು ಅಂಗಡಿಯಲ್ಲಿ ಮಾಡಿಸಲಾಗುತ್ತಿತ್ತು. ಆದರೆ ಶ್ರೀದೇವಿ ಇಪ್ಪತ್ತು ದಿನ ಕೂತು ಬರೆದ ನವಿಲಿನ ಅಂಚು, ತಮ್ಮ ಮಗ್ಗಕ್ಕೆ ಏರುವ ಮೊದಲೇ ಮಹಾಲಿಂಗಪುರದ ಬಸ್ ನಿಲ್ದಾಣದಲ್ಲಿ ಅಪರಿಚಿತ ಮಹಿಳೆಯೊಬ್ಬರ ಸೀರೆಯ ಮೇಲೆ ಕಂಡುಬಂದಿರುತ್ತದೆ. ಆ ದಿನ ಶ್ರೀದೇವಿ ಬಸ್ ಹತ್ತಿ ಕಿಟಕಿಯ ಹೊರಗೆ ನೋಡುತ್ತ ಕುಳಿತದ್ದು ರಾಜಕುಮಾರರ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು.

ಆದ್ದರಿಂದ ಅವರು ಬಿಡಿಭಾಗಗಳನ್ನು ತರಿಸಿ, ಹನ್ನೊಂದು ವಿಡಿಯೋ ನೋಡಿ, ತಾವೇ ಒಂದು ಗಣಕಯಂತ್ರವನ್ನು ಜೋಡಿಸಲು ತೀರ್ಮಾನಿಸಿದರು. ಸೀರೆ ವ್ಯಾಪಾರಿ ಪರಸಪ್ಪನವರು ಬುಧವಾರ ಹೊಸ ಅಂಚಿನ ಮಾದರಿ ನೋಡಲು ಬರುವುದಾಗಿಯೂ, ಮಾದರಿ ಇಲ್ಲದಿದ್ದಲ್ಲಿ ಈ ಸಲದ ಸೀರೆಗಳನ್ನು ರಬಕವಿಯ ಬೇರೊಂದು ಮಗ್ಗಕ್ಕೆ ಒಪ್ಪಿಸುವುದಾಗಿಯೂ ಮೊದಲೇ ತಿಳಿಸಿದ್ದರು. ಯಂತ್ರದ ಜೋಡಣೆ ಭಾನುವಾರ ಬೆಳಿಗ್ಗೆ ಮುಗಿಯಿತು. ನಂತರದ ವಿದ್ಯಮಾನಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಕೆಳಕಂಡಂತೆ ಆಜ್ಞಾಪಿಸಿದೆ.

1. ಪಡಸಾಲೆಯಲ್ಲಿ ಯಲ್ಲವ್ವನವರು ಯಂತ್ರಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದ ನಂತರ ರಾಜಕುಮಾರ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ತೋರುಬೆರಳಿನಿಂದ ಒತ್ತಿದ್ದಕ್ಕೆ ಹೀಗಾಗಿರಬಹುದೆಂದು ಹೆಬ್ಬೆರಳಿನಿಂದ ಒತ್ತಿದರು; ನಂತರ ಕನ್ನಡಕ ಹಾಕಿಕೊಂಡು ಒತ್ತಿದರು. ಹೊಸದು, ಬಿಸಿಯಾಗಲು ವೇಳೆ ಬೇಕು ಎಂದು ಸೇರಿದವರಿಗೆಲ್ಲ ಹೇಳಿ, ತಾವೂ ನಂಬಲು ಪ್ರಯತ್ನಿಸಿದರು. ಇನ್ನು ಮುಂದೆ ಒಂದೇ ಗುಂಡಿಯನ್ನು ಬೇರೆ ಬೇರೆ ಬೆರಳುಗಳಿಂದ ಒತ್ತುವುದನ್ನು ತಾಂತ್ರಿಕ ತಪಾಸಣೆ ಎಂದು ಪರಿಗಣಿಸತಕ್ಕದ್ದಲ್ಲ. ಕಾಯಿಯನ್ನು ಯಂತ್ರದಿಂದ ಕನಿಷ್ಠ ಆರು ಅಡಿ ದೂರದಲ್ಲಿ, ಯಂತ್ರ ಚಾಲೂ ಆದ ಮೇಲೆಯೇ ಒಡೆಯತಕ್ಕದ್ದು.

2. ಗೋಡೆಯ ಸಾಕೆಟ್‌ನಲ್ಲಿ ಕರೆಂಟ್ ಇದೆಯೋ ಇಲ್ಲವೋ ಎಂದು ತಿಳಿಯಲು ಅಡುಗೆಮನೆಯ ಮಿಕ್ಸರ್ ತಂದು ಹಚ್ಚಲಾಯಿತು. ಮಿಕ್ಸರ್ ಚೆನ್ನಾಗಿಯೇ ತಿರುಗಿತು. ಹೇಗೂ ತಿರುಗುತ್ತಿದೆಯಲ್ಲ ಎಂದು ಯಲ್ಲವ್ವನವರು ಅದರಲ್ಲಿ ಶೇಂಗಾ ಚಟ್ನಿ ಮಾಡಿಕೊಂಡಿರುತ್ತಾರೆ. ತಪಾಸಣೆಯ ಅವಧಿಯಲ್ಲಿ ತಯಾರಾದ ಚಟ್ನಿಯನ್ನು ಸಾಕ್ಷ್ಯವೆಂದು ಪರಿಗಣಿಸಿ, ರೊಟ್ಟಿಯೊಂದಿಗೆ ಅದೇ ದಿನ ವಿಲೇವಾರಿ ಮಾಡತಕ್ಕದ್ದು.

3. ಮಧ್ಯಾಹ್ನ ಸಮೀರವಾಡಿಯಿಂದ ಗೆಳೆಯ ದುರಗೇಶ ಬೈಕಿನಲ್ಲಿ ಬಂದರು. ಸಕ್ಕರೆ ಕಾರ್ಖಾನೆಯಲ್ಲಿ ಆಳೆತ್ತರದ ಮೋಟಾರುಗಳನ್ನು ನೋಡಿಕೊಳ್ಳುವ ಇವರು ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಿಂಬದಿಯ ಸಣ್ಣ ಸ್ವಿಚ್ ಹಾಕಿಯೇ ಇಲ್ಲವೆಂಬುದನ್ನು ಪತ್ತೆ ಹಚ್ಚಿದರು. ಸ್ವಿಚ್ ಹಾಕಿದೊಡನೆ ಒಳಗೆ ಹಸಿರು ದೀಪವೊಂದು ಹೊತ್ತಿತು. ಪಡಸಾಲೆಯಲ್ಲಿ ಚಹಾ ಹಂಚಲಾಯಿತು. ಆದರೆ ಗುಂಡಿ ಒತ್ತಿದಾಗ ಮತ್ತೆ ಏನೂ ಆಗಲಿಲ್ಲ. ಹಸಿರು ದೀಪ ಮಾತ್ರ ಎಲ್ಲರನ್ನೂ ನೋಡುತ್ತಿತ್ತು. ಕಾರ್ಖಾನೆಯಲ್ಲಿ ಹೀಗಾದರೆ ಒಂದು ಪೆಟ್ಟು ಕೊಡುತ್ತೇವೆ ಎಂದು ದುರಗೇಶ ಕೈ ಎತ್ತಿದರು; ರಾಜಕುಮಾರ ಆ ಕೈಯನ್ನು ಗಾಳಿಯಲ್ಲೇ ಹಿಡಿದರು. ಆದ್ದರಿಂದ:
(ಅ) ಮೊದಲು ಹಿಂಬದಿಯ ಸ್ವಿಚ್ ನೋಡತಕ್ಕದ್ದು.
(ಆ) ಯಂತ್ರವು ಪೂರ್ತಿ ಚಾಲೂ ಆಗುವ ಮೊದಲೇ ಚಹಾ ಹಂಚಿದಲ್ಲಿ, ಕುಡಿದವರು ಚಹಾ ಹಿಂತಿರುಗಿಸುವ ವಿಧಾನದ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.

4. ಯಂತ್ರದ ಮುಖ ದಕ್ಷಿಣಕ್ಕಿದೆ ಎಂದು ಎದುರುಮನೆಯವರು ಹೇಳಿದ್ದರಿಂದ ಅದನ್ನು ಪೂರ್ವಕ್ಕೆ ತಿರುಗಿಸಲಾಯಿತು. ಸಂಜೆ ದೃಷ್ಟಿಯಾಗಿದೆ ಎಂಬ ಅಭಿಪ್ರಾಯ ಬಂದು, ಮಾನಿಟರಿನ ಮೂಲೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಲಾಯಿತು. ಪೂರ್ವಕ್ಕೆ ಮುಖಮಾಡಿದ ನಂತರವೂ ಸದರಿ ಯಂತ್ರವು ದಕ್ಷಿಣದಲ್ಲಿದ್ದಷ್ಟೇ ನಿಷ್ಠೆಯಿಂದ ಸುಮ್ಮನಿತ್ತು ಎಂಬುದನ್ನು ಇಲಾಖೆ ಗಮನಿಸಿದೆ. ನಿಂಬೆಹಣ್ಣು ಇರಲಿ. ಅದರಿಂದ ಯಾರಿಗೂ ತೊಂದರೆ ಇಲ್ಲ.

5. ಈ ಅಂಶವನ್ನು ಇಲಾಖೆ ಭಾರವಾದ ಮನಸ್ಸಿನಿಂದ ದಾಖಲಿಸುತ್ತಿದೆ. ಭಾನುವಾರ ಸಂಜೆ ಶ್ರೀದೇವಿ ಹತ್ತಿರ ಬಂದು, ತಾನೊಮ್ಮೆ ನೋಡಲೇ ಎಂದು ಕೇಳಿದರು. ಮೈಯಲ್ಲಿನ ಸೂಕ್ಷ್ಮ ವಿದ್ಯುತ್ ತಗುಲಿದರೆ ಯಂತ್ರ ಸಾಯುತ್ತದೆಂದು ಹನ್ನೊಂದರಲ್ಲಿ ಒಂಬತ್ತು ವಿಡಿಯೋಗಳು ಹೆದರಿಸಿದ್ದರಿಂದಲೂ, ಇಡೀ ಓಣಿಯ ಮುಂದೆ ಸೋತ ಸಿಟ್ಟಿನಿಂದಲೂ ರಾಜಕುಮಾರ, “ನಿನಗ ಇದೆಲ್ಲ ತಿಳಿಯೂದಿಲ್ಲ, ಕೈ ಹಚ್ಚಬ್ಯಾಡ” ಅಂದರು. ಶ್ರೀದೇವಿ ಮಗ್ಗದ ಕೋಣೆಗೆ ಹೋದರು. ಹೇಳಿದ ಮಾತು ತಪ್ಪೆಂದು ರಾಜಕುಮಾರರಿಗೆ ಅವರು ಹೊಸ್ತಿಲು ದಾಟುವ ಮೊದಲೇ ತಿಳಿದಿತ್ತು. ಆದರೆ ಅದನ್ನು ವಾಪಸು ತೆಗೆದುಕೊಳ್ಳುವ ನಮೂನೆ ಅವರ ಬಳಿ ಇರಲಿಲ್ಲ. ಇಂತಹ ನಮೂನೆಯನ್ನು ಪ್ರತಿ ಮನೆಯಲ್ಲೂ ಸಾಕಷ್ಟು ಪ್ರತಿಗಳಲ್ಲಿ ಇಟ್ಟುಕೊಳ್ಳುವಂತೆ ಕಟ್ಟುನಿಟ್ಟಾಗಿ ಸೂಚಿಸಿದೆ.

6. ಸೋಮವಾರ ರಜೆ ಹಾಕಿ ರಾಜಕುಮಾರ ಯಂತ್ರವನ್ನು ಪೂರ್ತಿ ಬಿಚ್ಚಿ, ಮೆಮೊರಿ ಪಟ್ಟಿಯನ್ನು ಟಕ್ ಎನ್ನುವವರೆಗೆ ಒತ್ತಿ ಕೂರಿಸಿ, ವೈರುಗಳನ್ನೆಲ್ಲ ಕಳಚಿ ಹಾಕಿ, ಮತ್ತೆ ಜೋಡಿಸಿದರು. ಕೊನೆಗೆ ಎರಡು ಸ್ಕ್ರೂ ಹೆಚ್ಚಿಗೆ ಉಳಿದವು. ಉಳಿದ ಸ್ಕ್ರೂಗಳನ್ನು ಗುಟ್ಟಾಗಿ ಜೇಬಿಗೆ ಹಾಕಿಕೊಳ್ಳುವುದನ್ನು ನಿಷೇಧಿಸಿದೆ.

7. ಆದರೂ ಯಂತ್ರ ಏಳಲಿಲ್ಲ. ರಾಜಕುಮಾರ ಹೊರಗೆ ಕಟ್ಟೆಯ ಮೇಲೆ ಕುಳಿತರು. ತನ್ನ ಕೈಯಿಂದಲೇ ಒಳಗೆ ಏನೋ ಸುಟ್ಟಿದೆ ಎಂದೂ, ನಾಳೆ ಶ್ರೀದೇವಿ ಕಾಗದ ಸುರುಳಿ ಸುತ್ತಿಕೊಂಡು ಮತ್ತೆ ಅದೇ ಅಂಗಡಿಯ ಮೆಟ್ಟಿಲು ಹತ್ತುತ್ತಾಳೆಂದೂ ಅನಿಸಿ ಅವರಿಗೆ ಊಟ ಸೇರಲಿಲ್ಲ. ಪರಸಪ್ಪನವರಿಗೆ ಫೋನ್ ಮಾಡಿ ಎರಡು ದಿನ ಮುಂದೆ ಹಾಕಿಕೊಳ್ಳಲು ಕೇಳಿದರು. ಬುಧವಾರ ಅಂದರೆ ಬುಧವಾರ ಎಂಬ ಉತ್ತರ ಬಂತು. ಈ ಖಂಡಿಕೆಯಲ್ಲಿ ಯಾವುದೇ ನಿಯಮ ಇರುವುದಿಲ್ಲ.

8. ಅಷ್ಟರಲ್ಲಿ ಶ್ರೀದೇವಿ ಖಾಲಿ ಪೆಟ್ಟಿಗೆಗಳ ನಡುವಿನಿಂದ ಯಂತ್ರದ ಕೈಪಿಡಿಯನ್ನು ಹುಡುಕಿ ತೆಗೆದಿದ್ದರು. ಅಕ್ಷರಗಳೆಲ್ಲ ಇರುವೆ ಸಾಲಿನಂತಿದ್ದರೂ ಒಂದು ಪುಟದಲ್ಲಿ ಯಾವ ವೈರು ಎಲ್ಲಿ ಸಿಕ್ಕಿಸಬೇಕೆಂದು ತೋರಿಸುವ ಸಣ್ಣ ಚೌಕಗಳ ಚಿತ್ರವಿತ್ತು. ಚೌಕ, ಅವರ ಮಾತಿನಲ್ಲಿ ‘ಮನೆ’, ಎಣಿಸುವುದೇ ಅವರ ದಿನನಿತ್ಯದ ಉದ್ಯೋಗ. ಅವರು ಕೈ ಹಚ್ಚಲಿಲ್ಲ. ಕಡ್ಡಿಪೆಟ್ಟಿಗೆಯ ಕಡ್ಡಿಯೊಂದನ್ನು ತೋರಿಸುವ ಕೋಲಾಗಿ ಹಿಡಿದು, ಚಿತ್ರ ಒಮ್ಮೆ, ಯಂತ್ರ ಒಮ್ಮೆ ನೋಡಿ, ಗಂಡನನ್ನು ಕರೆದರು.

“ಒಂದ ಮನಿ ತಪ್ಪೇತಿ ನೋಡ್ರಿ. ಗುಂಡಿದು ಈ ಎರಡ ವೈರಿನ ಎಳಿ ಮೂರನೇ ಮನಿಯಿಂದ ಸುರು ಆಗಬೇಕು. ನೀವು ಎರಡನೇದರಿಂದ ಹಾಕೀರಿ.”

ರಾಜಕುಮಾರ ಬಗ್ಗಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಗುಂಡಿ ಒತ್ತಿದ ಸುದ್ದಿ ಭಾನುವಾರದಿಂದ ಯಂತ್ರಕ್ಕೆ ಮುಟ್ಟಿಯೇ ಇರಲಿಲ್ಲ. ಅವರು ಎಳೆಗಳನ್ನು ಸರಿಸಲು ಕೈ ಮುಂದೆ ಮಾಡಿ, ಹಿಂದೆ ತೆಗೆದುಕೊಂಡು, ಮೊಬೈಲಿನ ಟಾರ್ಚ್ ಹಚ್ಚಿ ಹಿಡಿದು ನಿಂತರು. “ನೀನ ಹಾಕು,” ಅಂದರು. ಶ್ರೀದೇವಿ ಹಾಕಿದರು, ಗುಂಡಿಯನ್ನೂ ಅವರೇ ಒತ್ತಿದರು. ಫ್ಯಾನು ಬುರ್ರೆಂದಿತು, ಪರದೆ ಬೆಳಗಿತು. ಯಲ್ಲವ್ವನವರು ಎರಡನೆಯ ಕಾಯಿಗಾಗಿ ಒಳಗೆ ಓಡಿದರು. ಇನ್ನು ಮುಂದೆ, ಕೈಪಿಡಿಯನ್ನು ಯಂತ್ರ ಜೋಡಿಸುವ ಮೊದಲು ತೆರೆಯತಕ್ಕದ್ದು. ಮನೆಯಲ್ಲಿ ಚೌಕ ಎಣಿಸಬಲ್ಲವರು ಇದ್ದಲ್ಲಿ, ಟಾರ್ಚ್ ಹಿಡಿಯುವ ಹುದ್ದೆಗೆ ಉಳಿದವರಿಂದ ಅರ್ಜಿ ಕರೆಯತಕ್ಕದ್ದು.

9. ಮಂಗಳವಾರವಿಡೀ ಶ್ರೀದೇವಿ ತಾವು ಹೊಸದಾಗಿ ಬರೆದಿದ್ದ ಗೋಧಿ ತೆನೆಯ ಅಂಚನ್ನು ಪರದೆಯ ಮೇಲೆ ಒಂದೊಂದೇ ಮನೆ ತುಂಬಿದರು. ಬುಧವಾರ ಸಂಜೆ, ರಾಜಕುಮಾರ ಕಚೇರಿಯಿಂದ ಬಂದ ಮೇಲೆ, ನಿಂಗಣ್ಣನವರು ಒಂದು ಮೊಳ ನೇಯ್ದು ತೋರಿಸಿದರು. ಪರಸಪ್ಪನವರು ಅಂಚನ್ನು ಬೆಳಕಿಗೆ ಹಿಡಿದು, ತಿರುವಿ ನೋಡಿ, ಈ ಸಲದ ಸೀರೆಗಳೆಲ್ಲ ಇದೇ ಅಂಚಿನಲ್ಲಿ ಆಗಲಿ ಎಂದರು. ನಂತರ ರಾಜಕುಮಾರರ ಕಡೆ ತಿರುಗಿ, ಇಂಥ ಮಷಿನ್ ಮನೆಯಲ್ಲೇ ಮಾಡಿ ಎಬ್ಬಿಸಿದಿರಲ್ಲ, ಸಾಮಾನ್ಯರಲ್ಲ ನೀವು ಎಂದು ಹೊಗಳಿದರು. ಪಡಸಾಲೆಯಲ್ಲಿ ಓಣಿಯ ಅರ್ಧ ಜನ ಇದ್ದರು. ರಾಜಕುಮಾರ ಚಹಾದ ಕಪ್ಪನ್ನು ಕೆಳಗಿಟ್ಟರು.

“ನಾ ಬರೇ ಜೋಡಿಸೇನ್ರಿ. ಎಬ್ಬಿಸಿದಾಕಿ ಆಕಿ. ತಿಳಿಯೂದಿಲ್ಲ ಅಂತ ಅಂದಿದ್ದೆ ನಾನು. ನನಗ ತಿಳಿದಿರಲಿಲ್ಲ.”

ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತಿದ್ದ ಶ್ರೀದೇವಿ ಸೆರಗು ಸರಿಪಡಿಸಿಕೊಂಡು, ನಗು ಕಾಣಬಾರದೆಂದು ಒಳಗೆ ಹೋದರು. ಅದು ಎಲ್ಲರಿಗೂ ಕಂಡಿತು.

10. ಮೇಲ್ಕಂಡ ಹೇಳಿಕೆಯನ್ನು ಖಂಡಿಕೆ 5ರ ನಮೂನೆಗೆ ಬದಲಾಗಿ ಅಂಗೀಕರಿಸಲಾಗಿದೆ. ಇದನ್ನು ಎಲ್ಲ ಗಂಡಂದಿರ ಗಮನಕ್ಕೆ ತರತಕ್ಕದ್ದು. ಓದಿ ತಿಳಿದದ್ದಕ್ಕೆ ಅವರ ಸಹಿ ಪಡೆಯತಕ್ಕದ್ದು.

ಸಹಿ/-
(ಓದಲು ಬರುವುದಿಲ್ಲ)
ಅಧೀಕ್ಷಕರು, ಪ್ರಭಾರ
ಸಂಬಂಧಪಟ್ಟ ಇಲಾಖೆ

ಪ್ರತಿಗಳು:
1. ದುರಗೇಶ, ಸಮೀರವಾಡಿ: ಕೈ ಕೆಳಗಿಳಿಸುವ ಸೂಚನೆಯೊಂದಿಗೆ.
2. ಯಲ್ಲವ್ವನವರಿಗೆ: ಓದಿ ಹೇಳಲು ಒಬ್ಬರೊಂದಿಗೆ ರವಾನಿಸಿದೆ.
3. ಎದುರುಮನೆಯವರಿಗೆ: ಪೂರ್ವದಿಕ್ಕಿನಿಂದ ತಲುಪಿಸುವುದು.
4. ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಗುಂಡಿ ಒತ್ತುತ್ತಿರುವ ಎಲ್ಲರಿಗೆ.
5. ರಾಜಕುಮಾರ ಇವರಿಗೆ: ಮಾಹಿತಿಗಾಗಿ.
6. ಶ್ರೀದೇವಿ ಇವರಿಗೆ: ಅನುಮೋದನೆಗಾಗಿ. ಅದು ಬರುವವರೆಗೆ ಈ ಸುತ್ತೋಲೆ ಜಾರಿಗೆ ಬರುವುದಿಲ್ಲ.